ಖಾಲಿ ಬಿಟ್ಟ ನೂರಾ ಹದಿನೇಳು ದಿನ

ನನ್ನ ಪಿಎಚ್.ಡಿ. ಪ್ರಬಂಧದ ‘ಸಂಶೋಧನಾ ವಿಧಾನ’ ಅಧ್ಯಾಯ ಮೂರನೆಯ ಸಲವೂ ವಾಪಸು ಬಂದದ್ದು ಒಂದು ಶುಕ್ರವಾರ. ಆ ದಿನದ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: ಕಾಗವಾಡದಿಂದ ಚಿಕ್ಕೋಡಿಗೆ ಇಪ್ಪತ್ತೆರಡನೆಯ ಸಲ. ಬಸ್ಸಿನಲ್ಲಿ ನಿಂತದ್ದು ಒಂದೂವರೆ ತಾಸು. ಗೈಡ್ ಸರ್ ಮಾತಾಡಿದ್ದು ಒಂಬತ್ತು ನಿಮಿಷ.

ನನ್ನ ವಿಷಯ ಅಮೆರಿಕನ್ ಅಧ್ಯಯನ. ಬಹಳ ಹಿಂದೆ ಅಲ್ಲಿಯ ಬಯಲುನಾಡಿನಲ್ಲಿ ಒಕ್ಕಲುತನ ಮಾಡುತ್ತಿದ್ದ ಹೆಂಗಸೊಬ್ಬಳು ಒಂದು ವರ್ಷ ಬರೆದ ದಿನಚರಿಯನ್ನು ಓದುತ್ತಿದ್ದೇನೆ. ಅದರ ಪುಟಗಳ ಫೋಟೊಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಈ ವಿಷಯದ ತಾಪತ್ರಯವೆಂದರೆ ಇದಕ್ಕೆ ಸ್ವಂತ ಮನೆ ಇಲ್ಲ. ಸಾಹಿತ್ಯದವರಿಗೆ ತೋರಿಸಿದರೆ ಇದು ಇತಿಹಾಸ ಎನ್ನುತ್ತಾರೆ. ಇತಿಹಾಸದವರು ಒಬ್ಬಳ ದಿನಚರಿಯಿಂದ ಏನು ಸಾಬೀತಾಗುತ್ತದೆ ಎನ್ನುತ್ತಾರೆ. ಹಾಗಾಗಿ ಯಾವ ವಿಧಾನದಿಂದ ಓದಿದೆ ಎಂಬುದನ್ನು ಮೊದಲು ಹೇಳಲೇಬೇಕು.

ನನಗೆ ಬರುತ್ತಿದ್ದ ವಿಧಾನ ಒಂದೇ, ಎಣಿಸುವುದು. ಶಾಲೆಯ ಎಂಟನೆಯ ಇಯತ್ತೆಯಿಂದ ಒಂದು ದಿನವೂ ಬಿಡದೆ ದಿನಚರಿ ಬರೆದವಳು ನಾನು. ಅವಳ ಪ್ರತಿ ದಿನವನ್ನೂ ಕೆಲಸ, ಹವೆ, ಬಂದುಹೋದವರು, ಕಾಯಿಲೆ ಎಂಬ ನಾಲ್ಕು ಕಾಲಮ್ಮುಗಳಲ್ಲಿ ಹಾಕಿದೆ. ಅವಳು ಏನೂ ಬರೆಯದ ದಿನಗಳು ನೂರಾ ಹದಿನೇಳು ಉಳಿದವು. ಅವುಗಳಿಗೆ ಐದನೆಯ ಕಾಲಮ್ಮು ಮಾಡಿ ‘ವಿಶ್ರಾಂತಿ’ ಎಂದು ಹೆಸರಿಟ್ಟೆ. ಒಕ್ಕಲಗಿತ್ತಿಗೂ ವರ್ಷದ ಮೂರನೆಯ ಒಂದು ಪಾಲು ಬಿಡುವು ಸಿಗುತ್ತಿತ್ತು ಎಂಬ ನನ್ನ ತೀರ್ಮಾನ ನಿಂತದ್ದು ಆ ಕಾಲಮ್ಮಿನ ಮೇಲೆ.

“ಖಾಲಿ ದಿನ ಅಂದ್ರ ವಿಶ್ರಾಂತಿ ಅಂತ ನಿನಗ ಯಾರ ಹೇಳಿದ್ರವಾ?” ಎಂದರು ಸರ್.

“ಬರದಿಲ್ಲಲ್ರಿ ಸರ್. ಬರಿಯೂವಂಥಾದ್ದು ಏನೂ ಆಗಿಲ್ಲ.”

“ಹಂಗಂತ ಆಕಿ ಹೇಳ್ಯಾಳೇನು?”

“ಇಲ್ರಿ.”

“ಮತ್ತ ನೀ ಹೆಂಗ ಹೇಳ್ತಿ? ಸಾಕ್ಷಿ ತಾ, ಇಲ್ಲಾ ಆ ಮಾತ ಬಿಡು. ಬರೂ ಶುಕ್ರವಾರ ಕಮಿಟಿ ಐತಿ. ಅಲ್ಲೂ ಬ್ಯಾಡ ಅಂದ್ರಂದ್ರ ನಿನ್ನ ರಜಿಸ್ಟ್ರೇಶನ್ ರದ್ದ. ನನ್ನ ಕೈಯಾಗ ಏನೂ ಉಳಿಯಂಗಿಲ್ಲ.”

ಬಸ್ಸಿನಲ್ಲೇ ಏಳು ದಿನದ ವೇಳಾಪಟ್ಟಿ ಹಾಕಿದೆ. ಶನಿವಾರ ಬೆಳಿಗ್ಗೆಯೇ ಅದು ಕೆಟ್ಟಿತು. ನಮ್ಮ ದ್ರಾಕ್ಷಿ ತೋಟದಲ್ಲಿ ಡಿಪ್ಪಿಂಗ್. ಕಾಳು ದಪ್ಪವಾಗಲೆಂದು ಪ್ರತಿ ಗೊಂಚಲನ್ನೂ ಔಷಧದ ನೀರಿನ ಮಗ್ಗಿನಲ್ಲಿ ಅದ್ದಿ ತೆಗೆಯುವ ಕೆಲಸ. ಅದನ್ನು ಮುಂದೆ ಹಾಕಲು ಬರುವುದಿಲ್ಲ. ಹೇಳಿಟ್ಟಿದ್ದ ಆಳುಗಳ ಗ್ಯಾಂಗು ಮಿರಜ ಕಡೆಯ ತೋಟಕ್ಕೆ ಹೋಗಿಬಿಟ್ಟಿತ್ತು.

“ಕಾಕು, ನನ್ನ ವರ್ಷಗಟ್ಟಲೆ ಓದು ಹೋಗ್ತೈತಿ,” ಎಂದು ಚಿಕ್ಕಪ್ಪನ ಹೆಂಡತಿಯ ಮುಂದೆ ಗೋಗರೆದೆ.

“ಅಮೆರಿಕಾ ಎಲ್ಲೂ ಓಡಿ ಹೋಗಂಗಿಲ್ಲ. ಗೊಂಚಲ ನಿಲ್ಲಂಗಿಲ್ಲ. ಮಗ್ ಹಿಡಿ, ನಡಿ.”

ಚಪ್ಪರದ ಕೆಳಗೆ ದಿನವಿಡೀ ಕತ್ತು ಮೇಲೆ, ಕೈ ಮೇಲೆ. ಸಾಲು ಎಣಿಸಲು ನೋಡಿದೆ. ಹದಿನಾಲ್ಕಕ್ಕೆ ಲೆಕ್ಕ ತಪ್ಪಿತು. ಕಾಕು ಪಕ್ಕದ ಸಾಲಿನಿಂದ ಕೇಳಿದಳು, “ನಿಮ್ಮ ಅಮೆರಿಕಾದಾಕಿ ಏನೇನ ಬರದಾಳ?”

“ಬೆಣ್ಣಿ ಕಡದದ್ದು, ಮಳಿ ಬಂದದ್ದು, ಕೋಳಿ ಸತ್ತದ್ದು.”

“ಕೋಳಿ ಸತ್ತದ್ದ ಓದಿದ್ರ ಡಾಕ್ಟರ್ ಅಂತಾರ? ನಮ್ಮನಿಯಾಗ ಎಷ್ಟ ಸತ್ತಾವಲೇ, ನನಗ್ಯಾರೂ ಅನ್ನಲಿಲ್ಲಲ್ಲ!”

ಸಾಲುಗಳಾಚೆ ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಡಿಪ್ಪಿಂಗ್ ಮುಗಿದದ್ದು ಮಂಗಳವಾರ. ಬುಧವಾರ ಬೆಳಿಗ್ಗೆ ಮೇಜಿನ ಮುಂದೆ ಕೂತೆ. ಮೊದಲು ದಿನಚರಿ ತೆಗೆದೆ. ಕೊನೆಗೆ ಬರೆದದ್ದು ಶುಕ್ರವಾರ. ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ಪುಟ ಖಾಲಿ. ಬರೆದಿಲ್ಲ ಎಂಬುದು ನೆನಪಿಗೇ ಬಂದಿರಲಿಲ್ಲ. ನನ್ನದೇ ವಿಧಾನ ಹಚ್ಚಿದರೆ ಆ ನಾಲ್ಕೂ ದಿನ ಐದನೆಯ ಕಾಲಮ್ಮಿಗೆ ಹೋಗಬೇಕು. ಕತ್ತು ಎಡಕ್ಕೆ ಹೊರಳುತ್ತಿರಲಿಲ್ಲ.

ಆಮೇಲೆ, ಎರಡು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದೆ. ಅವಳ ಖಾಲಿ ದಿನಗಳ ಮೊತ್ತ ಬಿಟ್ಟು ತಾರೀಖು ನೋಡಿದೆ. ನೂರಾ ಹದಿನೇಳರಲ್ಲಿ ಎಪ್ಪತ್ತೊಂದು ದಿನ ಸುಗ್ಗಿಯ ಮೂರು ತಿಂಗಳಲ್ಲೇ ಇದ್ದವು. ಉಳಿದ ನಲವತ್ತಾರು ಅಲ್ಲೊಂದು ಇಲ್ಲೊಂದು. ಆ ದಿನ ಅವಳು ದುಡಿದಳೋ, ಮಲಗಿದಳೋ, ಜ್ವರ ಬಂದಿತ್ತೋ, ಅದನ್ನೂ ಹೇಳಲು ಬರುವುದಿಲ್ಲ. ಅವಳ ಮೇಲೆ ಸಿಟ್ಟು ಬಂತು. ಒಂದು ಗೀಟಾದರೂ ಎಳೆಯಬಾರದಿತ್ತೆ?

‘ವಿಶ್ರಾಂತಿ’ ಹೊಡೆದು ಹಾಕಿ ‘ಗೊತ್ತಿಲ್ಲ’ ಎಂದು ಬರೆದೆ. ಬಿಡುವಿನ ತೀರ್ಮಾನ ಬಿದ್ದುಹೋಯಿತು. ಮೂವತ್ತೊಂದು ಪುಟದ ಅಧ್ಯಾಯ ಹನ್ನೆರಡಕ್ಕಿಳಿಯಿತು. ನನ್ನ ನಾಲ್ಕು ಖಾಲಿ ಪುಟಗಳ ವಿಷಯವನ್ನೂ ಒಂದು ಪ್ಯಾರಾದಲ್ಲಿ ಸೇರಿಸಿದೆ.

ಶುಕ್ರವಾರ ಕಮಿಟಿಯಲ್ಲಿದ್ದ ಮೇಡಮ್ಮೊಬ್ಬರು ಪುಟ ತಿರುವಿ ಕೇಳಿದರು, “ಹಂಗಾದ್ರ ನಿನ್ನ ತೀರ್ಮಾನ ಏನು?”

“ಇನ್ನೂ ಇಲ್ರಿ ಮೇಡಮ್.”

ಅವರು ಆ ಪ್ಯಾರಾ ಮತ್ತೊಮ್ಮೆ ಓದಿದರು. ರಜಿಸ್ಟ್ರೇಶನ್ ಉಳಿಯಿತು, ಆದರೆ ಷರತ್ತಿನ ಮೇಲೆ: ಪ್ರತಿ ಖಾಲಿ ದಿನವನ್ನೂ ಅದರ ಹಿಂದುಮುಂದಿನ ದಿನಗಳ ಜೊತೆ ಇಟ್ಟು ಮೊದಲಿನಿಂದ ಓದಬೇಕು, ಆರು ತಿಂಗಳಲ್ಲಿ ಹೊಸ ಅಧ್ಯಾಯ ಕೊಡಬೇಕು. ಎರಡು ವರ್ಷದ ಎಣಿಕೆ ನೀರುಪಾಲಾಯಿತು.

ಹೊರಗೆ ಸರ್ ಅಂದರು, “ಇದನ್ನ ಮೊದಲನೇ ಸಲನ ಮಾಡಿದ್ರ ಇಪ್ಪತ್ತ ಬಸ್ ಉಳೀತಿದ್ವಲ್ಲವಾ.”

ನನ್ನ ಆ ನಾಲ್ಕು ಪುಟಗಳು ಇನ್ನೂ ಖಾಲಿಯೇ ಇವೆ. ತುಂಬಲು ಕೂತರೆ ಶನಿವಾರ ಯಾವುದು, ಸೋಮವಾರ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಕಾಕುವನ್ನು ಕೇಳಿದೆ. ನಾಲ್ಕಕ್ಕೂ ಒಂದೇ ಉತ್ತರ ಕೊಟ್ಟಳು: “ಡಿಪ್ಪಿಂಗ್ ಮಾಡಿದ್ವಲ್ಲಲೇ. ಆದಿತ್ಯವಾರ ಇನ್ನೊಮ್ಮೆ ಐತಿ.”