ಕೋನದೊಳಗೆ ಕೂತ ಅಂಕಿ

ಶನಿವಾರ ಬೆಳಗಿನ ಆರೂವರೆ. ಹೊರದೇಶದ ಈ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಟ್ಯೂಷನ್ ಕೇಂದ್ರವೊಂದರ ಹಿಂದಿನ ಕೋಣೆಯಲ್ಲಿ ಅಮೀರುನ್ನೀಸಾ ಕೂತಲ್ಲಿ ಕೂರುತ್ತಿಲ್ಲ. ಪೆನ್ಸಿಲ್ ಹೆರೆಯುತ್ತಾರೆ, ಕಿಟಕಿಗೆ ಹೋಗುತ್ತಾರೆ, ಬಂದು ಮತ್ತೆ ಅದೇ ಪೆನ್ಸಿಲ್ ಹೆರೆಯುತ್ತಾರೆ. ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ತಪಾವ್ ಮಾಡಿಸಿ, ಅಂದರೆ ಪಾರ್ಸೆಲ್ ಕಟ್ಟಿಸಿ ತಂದ ಚಹಾ ಆರಿಹೋಗಿದೆ.

ವಿಜಯಪುರದ ಈ ಐವತ್ತೆರಡರ ಹೆಂಗಸು ಪಾಠ ಮಾಡುವುದಿಲ್ಲ. ಹನ್ನೊಂದು ವರ್ಷದಿಂದ ರೇಖಾಗಣಿತದ ಪ್ರಶ್ನೆ ಹಾಳೆ ತಯಾರಿಸುತ್ತಾರೆ. ವಾರಕ್ಕೆ ನಲವತ್ತು ಚಿತ್ರ. ಹಾಳೆಯ ಮೇಲೆ ಕೇಂದ್ರದ ಹೆಸರಿರುತ್ತದೆ, ಇವರದಿರುವುದಿಲ್ಲ.

ಕಾಗದ ಉಳಿಯಲೆಂದು ಚಿತ್ರಗಳನ್ನೆಲ್ಲ ಮುಂಬದಿಗೆ, ಕೋನದ ಅಂಕಿಗಳಿರುವ ಪ್ರಶ್ನೆಗಳನ್ನೆಲ್ಲ ಹಿಂಬದಿಗೆ ಹಾಕುವುದು ಇವರದೇ ಉಪಾಯ. ಅದೇ ಎಡವಟ್ಟಾಯಿತು.

"ಇಂಚರ ಅಂತ ಹುಡುಗಿ ಅದಾಳ್ರಿ, ಹದಿನಾಲ್ಕು ವರ್ಷದಾಕಿ. ಒಂದ ಲೆಕ್ಕಕ್ಕ ಹನ್ನೊಂದು ಸಲ ಹಾಳಿ ತಿರುವಿದ್ಳು. ಅಂಕಿ ನೆನಪಿಡೂದ್ರಾಗ ತಲಿ ದಣದು ಹೋತು. ಇನ್ನ ಲೆಕ್ಕ ಯಾವ ತಲೀಲೆ ಮಾಡ್ಬೇಕ್ರಿ? ನಾವೆಲ್ಲ ಆಕೀನ್ನ ದಡ್ಡಿ ಅಂದ್ವಿ. ಖರೇ ದಡ್ಡಿ ನಾನ!" ಎನ್ನುತ್ತಾರೆ ಅಮೀರುನ್ನೀಸಾ.

ಎರಡು ತಿಂಗಳಿಂದ, ಎರಡು ಬ್ಯಾಚಿನಲ್ಲಿ ಇಂಚರಳ ತಂಡಕ್ಕೆ ಮಾತ್ರ, ಇವರು ಮಾಡಿದ ಹೊಸ ಹಾಳೆ. ಅಂಕಿ ಆಯಾ ಕೋನದೊಳಗೇ ಇರುತ್ತದೆ. 'ಈ ಕೋನ ಕಂಡುಹಿಡಿಯಿರಿ' ಎಂಬ ಅಪ್ಪಣೆಯಿಲ್ಲ. 'ಗೊತ್ತಾದ ಕೋನಗಳನ್ನೆಲ್ಲ ಬರೆಯಿರಿ' ಎಂದಿರುತ್ತದೆ. ಗಣಿತದ ಮೇಷ್ಟ್ರು ತ್ರಿವಿಕ್ರಮರಿಗೆ ಇದು ಹಿಡಿಸಿಲ್ಲ.

"ಹೀಗೆ ಬಾಯಿಗೆ ತುತ್ತಿಟ್ರೆ ಎಕ್ಸಾಮಲ್ಲಿ ಏನ್ಮಾಡ್ತಾರೆ ಮೇಡಂ? ಅಲ್ಲಿ ಯಾರೂ ಹೀಗೆ ಬರ್ದು ಕೊಡಲ್ಲ," ಎನ್ನುತ್ತಾರೆ.

ಇವತ್ತು ಹಳೇ ಮಾದರಿಯಲ್ಲೇ ಪರೀಕ್ಷೆ. ಇಂಚರಳ ತಂಡ ಎಡವಿದರೆ ಸೋಮವಾರದಿಂದ ಎಲ್ಲರಿಗೂ ಹಳೇ ಹಾಳೆ. ಎರಡು ತಿಂಗಳ ದುಡಿಮೆಗೆ ನಲವತ್ತು ನಿಮಿಷದ ತೀರ್ಪಂತೆ! ಇವರ ಬಗ್ಗೆ ಬರೆಯಲು ಬಂದ ನನಗೇ ಮೈ ಉರಿಯುತ್ತದೆ.

ಎಂಟಕ್ಕೆ ಪರೀಕ್ಷೆ ಶುರು. ನಾವಿಬ್ಬರೂ ಬಾಗಿಲ ಗಾಜಿಗೆ ಮೂಗು ತಾಗಿಸಿ ನಿಂತಿದ್ದೇವೆ. ಇಂಚರ ಹಾಳೆ ತಿರುವುತ್ತಾಳೆ. ಮತ್ತೊಮ್ಮೆ ತಿರುವುತ್ತಾಳೆ.

"ಯಾ ಅಲ್ಲಾ, ಮತ್ತ ಶುರು ಆತು," ಅಮೀರುನ್ನೀಸಾ ನನ್ನ ತೋಳು ಹಿಡಿಯುತ್ತಾರೆ.

ಆಮೇಲೆ ಹುಡುಗಿ ಪೆನ್ಸಿಲ್ ಎತ್ತಿಕೊಂಡು, ಹಿಂಬದಿಯ ಅಂಕಿಗಳನ್ನು ಒಂದೊಂದಾಗಿ ಚಿತ್ರದ ಕೋನಗಳೊಳಗೆ ಬರೆದುಕೊಳ್ಳುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ. ಬರೆದು ಮುಗಿಸಿ ಲೆಕ್ಕಕ್ಕೆ ಕೈ ಹಾಕುತ್ತಾಳೆ. ಹಾಳೆ ಮತ್ತೆ ತಿರುಗುವುದಿಲ್ಲ.

ಒಂಬತ್ತಕ್ಕೆ ತ್ರಿವಿಕ್ರಮ ಅವಳ ಉತ್ತರ ಹಿಡಿದು ಬರುತ್ತಾರೆ. ಆರಕ್ಕೆ ಐದು ಸರಿ. ಉಳಿದವರೂ ಪರವಾಗಿಲ್ಲ.

"ಸೋಮವಾರಕ್ಕೆ ನಿಮ್ಮ ಹೊಸ ಹಾಳೇನೇ ಕೊಡಿ ಮೇಡಂ, ಎರಡೂ ಬ್ಯಾಚಿಗೆ."

ಇನ್ನಾದರೂ ಹಾಳೆಯ ಮೇಲೆ ನಿಮ್ಮ ಹೆಸರು ಹಾಕಿಸಬಾರದೇ ಎನ್ನುತ್ತೇನೆ. ಅವರು ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ಹೆಸರ್ಯಾಕ್ರಿ? ಆ ಹುಡುಗಿಗೆ ಇನ್ನ ನಾ ಬ್ಯಾಡ, ನೋಡ್ರಿ. ಅಷ್ಟ ಸಾಕು ನನಗ."