ಮಣ್ಣುಪಟ್ಟಿ ಸಾಹೇಬರು

ಗಜೇಂದ್ರಗಡದ ಪ್ರಕೃತಿ ಚಿಕಿತ್ಸಕ ಅಬ್ದುಲಮಜೀದ ಸಾಹೇಬರಿಗೆ ಎರೆಮಣ್ಣಿನ ಮೇಲೆ ಎಂಥ ನಂಬಿಕೆಯೆಂದರೆ, ಅವರ ಮನೆಯ ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲ, ಮಣ್ಣಿಗಿದೆ. ತಲೆನೋವೆಂದು ಬಂದವರಿಗೂ ಮಣ್ಣುಪಟ್ಟಿ, ಬರೀ ದಾರಿ ಕೇಳಲು ಬಂದವರಿಗೂ ಮಣ್ಣುಪಟ್ಟಿ. ಎದುರಿನ ದವಾಖಾನೆಯ ಕೊಟ್ರೇಶ ಡಾಕ್ಟರು ಬಿ.ಪಿ. ಇಳಿಯದವರನ್ನೆಲ್ಲ ರಸ್ತೆ ದಾಟಿಸಿ ಇವರಲ್ಲಿಗೆ ಕಳಿಸುತ್ತಾರೆ, ಆದರೆ ಮಣ್ಣಿನ ಮೇಲಿನ ಭಕ್ತಿಯಿಂದಲ್ಲ. ಕಣ್ಣಿಗೂ ಹೊಟ್ಟೆಗೂ ತಣ್ಣನೆಯ ಮಣ್ಣು ಮೆತ್ತಿಸಿಕೊಂಡು ಮಲಗಿದ ಮನುಷ್ಯ ಎದ್ದು ಓಡಲಾರ, ಸುಳ್ಳೂ ಹೇಳಲಾರ. ಡಾಕ್ಟರ ಮುಂದೆ "ಗುಳಗಿ ತಪ್ಪಸಂಗಿಲ್ರಿ" ಎಂದು ಆಣೆ ಮಾಡಿದ್ದ ಮುಶಿಗೇರಿಯ ಗುರುಸಂಗಪ್ಪ, ಇಲ್ಲಿ ಸಾಹೇಬರು "ಖರೇ ಹೇಳ್ರಿ, ಗುಳಗಿ ಎಲ್ಲಿ ಹ್ವಾದವು?" ಎನ್ನುತ್ತಲೇ, "ನಮ್ಮ ಎಮ್ಮಿಗೆ ತಿನಿಸೀನ್ರಿ, ಅದರ ಸಿಟ್ಟು ನನ್ನಕಿಂತ ಭಾಳ ಐತ್ರಿ" ಎಂದುಬಿಟ್ಟ. ಸಾಹೇಬರು ಮಣ್ಣುಗೈಯಲ್ಲೇ ಡಾಕ್ಟರಿಗೆ ಫೋನು ಹಚ್ಚಿದರು. ಇನ್ನೂ ಜೋರಾದ ಗುಳಿಗೆ ಬರೆಯಲು ಹೊರಟಿದ್ದ ಡಾಕ್ಟರು ಪೆನ್ನು ಮುಚ್ಚಿದರು. ಈಗಂತೂ ಸಾಹೇಬರ ಫೋನು ಬರುವವರೆಗೆ ಅವರು ಯಾರ ಗುಳಿಗೆಯನ್ನೂ ಹೆಚ್ಚಿಸುವುದಿಲ್ಲ. ಒಂದು ಸಂಜೆ ಡಾಕ್ಟರೇ ರಸ್ತೆ ದಾಟಿ ಬಂದು, ಅಂಗಿ ಕಳಚಿ ಮಲಗಿದರು. ಸಾಹೇಬರು ಮಣ್ಣು ಮೆತ್ತಿ, ರೂಢಿಯಂತೆ ಕೇಳಿದರು: "ಖರೇ ಹೇಳ್ರಿ ಡಾಕ್ಟರ್ರ, ನಿಮ್ಮ ಬಿ.ಪಿ. ಗುಳಗಿ?" ಮಣ್ಣಿನಡಿಯಿಂದ ದನಿ ಬಂತು: "ನಮ್ಮಾಕಿ ಇದ್ದಾಗ ಕೈಯಾಗ ಕೊಡತಿದ್ಲ್ರಿ. ಆಕಿ ತೀರಿಕೊಂಡ ಮ್ಯಾಲ ಯಾರೂ ಕೇಳೇ ಇಲ್ಲ." ಅಂದಿನಿಂದ ಸಾಹೇಬರು ದಿನಾ ಊಟದ ಹೊತ್ತಿಗೆ ಫೋನು ಹಚ್ಚಿ "ತೊಗೊಂಡ್ರೇನ್ರಿ?" ಎನ್ನುತ್ತಾರೆ. "ಹೂಂ, ತೊಗೊಂಡೀನ್ರಿ" ಎಂಬ ಉತ್ತರ ಬಂದರೂ ನಂಬುವುದಿಲ್ಲ. ಕೈಯಲ್ಲೊಂದು ಮುದ್ದೆ ಮಣ್ಣು ಹಿಡಿದು ರಸ್ತೆ ದಾಟುತ್ತಾರೆ.