ಬಾಲಂಗೋಚಿ ಮತ್ತು ಉಜ್ಜುವ ಬ್ರೇಕು

ನಮ್ಮ ಸೈಕಲ್ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಕಾಲು ಯಾರದು ಅಂದರೆ, ಎಲ್ಲರಿಗಿಂತ ಹಿಂದೆ ಬರುವವನದು. ಅವನ ಮೀನಖಂಡದ ಅಳತೆ ತೆಗೆದ ದರ್ಜಿ, ಪ್ಯಾಂಟಿನ ಬದಲು ಎರಡು ದಿಂಬಿನ ಚೀಲ ಹೊಲಿದುಕೊಟ್ಟಿದ್ದನಂತೆ. ಒಂದು ಸಲ ಅವನು ಮನಸ್ಸಿಟ್ಟು ಪೆಡಲ್ ತುಳಿದಾಗ ಸೈಕಲ್ಲು ನಿಂತಲ್ಲೇ ನಿಂತು ಗುಡ್ಡವೇ ಹಿಂದಕ್ಕೆ ಸರಿಯಿತು ಅಂತ ಊರೆಲ್ಲ ಹೇಳಿಕೊಂಡು ಬಂದವನು ನಾನೇ. ಇದುವರೆಗೆ ಗುಡ್ಡ ತಕರಾರು ಮಾಡಿಲ್ಲ.

ಊರ ಹಿಂದಿನ ಗುಡ್ಡಗಳೆಲ್ಲ ಕಾಯ್ದಿಟ್ಟ ಕಾಡು. ಒಳಗೆ ಸೈಕಲ್ ದಾರಿಗಳಿವೆ. ದಾರಿ ಅನ್ನುವುದು ಮರ್ಯಾದೆಯ ಮಾತು. ಒಂದು ಸೈಕಲ್ಲು ಹೋದರೆ ಅದರ ನೆರಳು ಹಿಂದೆ ಕಾಯಬೇಕು, ಅಷ್ಟು ಕಿರಿದು. ಭಾನುವಾರ ಬೆಳಿಗ್ಗೆ ಗುಂಪಾಗಿ ಹೋಗಬಹುದು, ಆದರೆ ಅರಣ್ಯ ಇಲಾಖೆಯವರದು ಒಂದು ಕಟ್ಟಳೆ: ಮುಂದೊಬ್ಬರು, ಹಿಂದೊಬ್ಬರು ಗೊತ್ತುಮಾಡಿದವರು ಇರಬೇಕು. ಹಿಂದಿನವನು ಯಾರನ್ನೂ ದಾಟುವಂತಿಲ್ಲ. ಬಿದ್ದವರನ್ನು ಎತ್ತಬೇಕು, ಪಂಕ್ಚರ್ ಆದರೆ ಅಂಟಿಸಬೇಕು, ಅತ್ತರೆ ಕೇಳಬೇಕು. ಅವನು ಹೊರಗೆ ಬಂದ ಮೇಲೇ ಕಾವಲುಗಾರ ಗೇಟು ಹಾಕುವುದು. ಮುಂದೆ ಹೋಗುವವಳು ಅಂಚೆ ಹಂಚುವ ಹುಡುಗಿ, ಗಾಳಿಗೆ ಹುಟ್ಟಿದವಳು. ಹಿಂದೆ ಬರುವವನು ಇವನು. ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ ಅಂತ ಯಾರೋ ಅಂದರು; ಹೆಸರು ಅಂಟಿಕೊಂಡಿತು. ಈಗ ಅವನ ಅಕ್ಕ ಕೂಡ ಅವನನ್ನು ಹಾಗೆ ಕರೆಯುವುದು.

ಚಿಕ್ಕವನಿದ್ದಾಗ ಅವನೂ ಎಲ್ಲರಿಗಿಂತ ಮುಂದೆ ಹಾರುತ್ತಿದ್ದ. ಒಂದು ದಿನ ಗುಡ್ಡದ ನೆತ್ತಿ ಮುಟ್ಟಿ ತಿರುಗಿ ನೋಡಿದರೆ ನರಪಿಳ್ಳೆ ಇಲ್ಲ. ಇಳಿದು ಬಂದು ಹುಡುಕಿದ. ದಪ್ಪ ಮೇಷ್ಟ್ರೊಬ್ಬರು ಕಾಲು ಉಳುಕಿಸಿಕೊಂಡು ಮರದ ಬೇರಿನ ಮೇಲೆ ಕೂತು, ಕರಡಿ ಹತ್ತಿರ ಬಾರದಿರಲಿ ಅಂತ ಗಟ್ಟಿಯಾಗಿ ಹಾಡುತ್ತಿದ್ದರು. ಆ ಹಾಡಿಗೆ ಕರಡಿಗಳೆಲ್ಲ ಪಕ್ಕದ ಕಾಡಿಗೆ ಗುಳೆ ಹೋದವು ಅನ್ನುವುದು ನನ್ನ ಊಹೆ. ಇವನು ಮೇಷ್ಟ್ರನ್ನು ಹೆಗಲು ಕೊಟ್ಟು ಇಳಿಸಿಕೊಂಡು ಬಂದ. ದಾರಿಯುದ್ದಕ್ಕೂ ಅವರು ಬೈದರು, ನಕ್ಕರು, ಮನೆಯ ಕತೆ ಹೇಳಿದರು. "ಮುಂದೆ ಹೋದ್ರೆ ಬರೀ ಮರ ಸಿಗ್ತವೆ, ಹಿಂದೆ ಬಂದ್ರೆ ಜನ ಸಿಗ್ತಾರೆ" ಅಂದ ಆಮೇಲೆ. ಅವತ್ತಿನಿಂದ ಅವನು ಕೊನೆಯವನು.

ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಬ್ರೇಕ್ ಮೆಕ್ಯಾನಿಕ್ಕಾಗಿದ್ದ. ಈಗ ಅಕ್ಕನ ಮನೆಯ ಕೆಳಗಿನ ಕೋಣೆಯಲ್ಲಿ ಸೈಕಲ್ ರಿಪೇರಿ. ಆ ಕೋಣೆಯಲ್ಲಿ ಚಕ್ರಗಳು ಸೂರಿನಿಂದ ತೂಗುತ್ತವೆ, ಗೋಡೆಯ ಮೊಳೆಗಳಲ್ಲಿ ಸ್ಪ್ಯಾನರುಗಳು ದೊಡ್ಡಣ್ಣನಿಂದ ಚಿಕ್ಕತಮ್ಮನವರೆಗೆ ಸಾಲಾಗಿ ನಿಂತಿವೆ, ಗ್ರೀಸಿನ ಡಬ್ಬಿಯ ಪಕ್ಕದಲ್ಲೇ ಅಕ್ಕನ ಮಸಾಲೆ ಡಬ್ಬಿ. ಅಕ್ಕ ಒಂದು ಸಲ ಕೈತಪ್ಪಿ ಸಾರಿಗೆ ಗ್ರೀಸು ಹಾಕಿದಳು. ಇವನು ಊಟ ಮಾಡಿ, "ಇವತ್ತು ಸಲೀಸಾಗಿ ಇಳೀತು" ಅಂದನಂತೆ. ಮದುವೆಯ ಮಾತೆತ್ತಿದರೆ, "ಹಿಂದೆ ಬರೋರು ಇನ್ನೂ ಇದ್ದಾರೆ, ಅವರದಾಗ್ಲಿ" ಅನ್ನುತ್ತಾ ಐವತ್ತು ದಾಟಿಸಿದ.

ಹೀಗಿರುವಾಗ ಗುಂಪಿಗೆ ಹಲ್ಲಿನಮ್ಮ ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟು ಹಲ್ಲು ತಯಾರಿಸುವವಳು. ಊರಿನ ಅರ್ಧ ನಗು ಅವಳ ಕೈಯಲ್ಲಿ ಆದದ್ದು, ನನ್ನದೂ ಸೇರಿ. ಅವಳು ಮಾಡಿಕೊಟ್ಟ ಸೆಟ್ಟು ಎಷ್ಟು ಚೆನ್ನಾಗಿದೆ ಅಂದರೆ, ನಾನು ಸುಮ್ಮನಿದ್ದರೂ ಅದೇ ಮಾತಾಡುತ್ತದೆ. ತಂದೆಯ ಕಾಯಿಲೆ ನೋಡಿಕೊಳ್ಳುವುದರಲ್ಲೇ ಅವಳ ಪ್ರಾಯ ಕಳೆದಿತ್ತು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದಿಲ್ಲ, ಅದಕ್ಕೇ ಸೈಕಲ್ ಕೊಂಡೆ ಅಂದಳು. ಸೈಕಲ್ಲೇನೋ ಕೊಂಡಳು, ಏರು ಬಂದರೆ ಮಾತ್ರ ಬಸವನಹುಳು ಹಾರ್ನ್ ಹೊಡೆದು ದಾಟಿ ಹೋಗುತ್ತಿತ್ತು.

ಹಾಗಾಗಿ ಕೊನೆಯಿಂದ ಎರಡನೆಯವಳು ಅವಳು, ಮೂರನೆಯವನು ನಾನು. ಹಿಂದಿನ ಮಾತೆಲ್ಲ ನನ್ನ ಕಿವಿಗೇ.

"ಹಿಂದೆ ಇದ್ದೀರಾ?"

"ಇದ್ದೀನಿ."

"ಇದ್ರೆ ಏನಾದ್ರೂ ಮಾತಾಡಿ. ನೀವೋ ಕರಡಿಯೋ ಗೊತ್ತಾಗಲ್ಲ."

"ಕರಡಿ ಇಷ್ಟು ಏದುಸಿರು ಬಿಡಲ್ಲ."

"ಏದುಸಿರು ಬಿಡ್ತಿರೋಳು ನಾನು ಕಣ್ರೀ!"

ಅವಳು ಮುಂದೆ ನೋಡಿಕೊಂಡೇ ಮಾತಾಡುವಳು, ಇವನು ಅವಳ ಬೆನ್ನಿಗೆ ಉತ್ತರ ಕೊಡುವನು. ಅವಳು ತೀರಾ ಸೋತಾಗ, ಪುಣ್ಯಾತ್ಮ, "ಸುಧಾರಿಸಿಕೊಳ್ಳಿ" ಅನ್ನುತ್ತಿರಲಿಲ್ಲ. "ತಡೀರಿ, ನನ್ನ ಚೈನ್ ಯಾಕೋ ಗೊಣಗ್ತಿದೆ" ಅಂತ ತಾನೇ ಇಳಿದು ಬಗ್ಗುವನು. ಅವಳು ನೀರು ಕುಡಿದು, ಮರಕ್ಕೊರಗಿ, "ಆಯ್ತಾ ನಿಮ್ಮ ಚೈನಿಂದು?" ಅನ್ನುವವರೆಗೂ ಆ ಚೈನು ಗುಣವಾಗುತ್ತಿರಲಿಲ್ಲ. ಎರಡು ಮಳೆಗಾಲ ಹೀಗೇ ಸಾಗಿತು. ಎದುರುಬದುರು ನಿಂತರೆ ಮಾತ್ರ ಇಬ್ಬರಿಗೂ ನಾಲಿಗೆ ಇಲ್ಲ, ಗೇಟಿನ ಹತ್ತಿರ, "ಬರ್ಲಾ?", "ಹೂಂ", ಅಷ್ಟೇ.

ಆದರೆ ಕಾಲು ಕಾಲೇ. ದಿನ ಕಳೆದಂತೆ ಅವಳದೂ ಗಟ್ಟಿಯಾಯಿತು. ಒಂದು ಭಾನುವಾರ ಏರಿನಲ್ಲೇ ನನ್ನನ್ನು ದಾಟಿ ಹೋಗಿಬಿಟ್ಟಳು. ತಿರುಗಿ ನೋಡಿದರೆ ಬಾಲಂಗೋಚಿಯ ಮುಖ ಗಾಳಿ ಇಳಿದ ಟ್ಯೂಬು. ಅವಳು ಮುಂದಾದರೆ ಅವನ ಪಾಲಿಗೆ ಉಳಿಯುವುದು ನನ್ನ ಬೆನ್ನು. ಆ ಬೆನ್ನನ್ನು ಇಷ್ಟು ವರ್ಷದಲ್ಲಿ ನನ್ನ ಹೆಂಡತಿಯೇ ಹೊಗಳಿದ್ದಿಲ್ಲ.

ಮುಂದಿನ ಭಾನುವಾರ ಹಲ್ಲಿನಮ್ಮ ಮತ್ತೆ ನನ್ನ ಹಿಂದೆ! ಅವಳ ಹಿಂದಿನ ಚಕ್ರದಿಂದ "ಶ್ ಶ್ ಶ್" ಅಂತ ಸದ್ದು. ಬ್ರೇಕು ಚಕ್ರದ ತಟ್ಟೆಗೆ ಉಜ್ಜುತ್ತಿತ್ತು. ಹಾಗೆ ಉಜ್ಜಿದರೆ ಏರಿನಲ್ಲಿ ಸೈಕಲ್ಲು ತುಳಿಯುವುದು ಕೋಣವನ್ನು ಎಳೆದ ಹಾಗೆ. ಬಾಲಂಗೋಚಿ ಸೋಮವಾರವೇ ಕೂರಿಸಿ ಸರಿ ಮಾಡಿಕೊಟ್ಟ. ಭಾನುವಾರ ಮತ್ತೆ ಶ್ ಶ್. ಬ್ರೇಕಿನ ಬಿಲ್ಲೆ ಬದಲಿಸಿದ, ಶ್ ಶ್. ತಟ್ಟೆ ಬದಲಿಸಿದ, ಶ್ ಶ್. ಬ್ರೇಕಿನ ತಿರುಪಿನ ಮೇಲೆ ಬಿಳೀ ಪುಡಿ ಬೇರೆ ಕೂತಿರುತ್ತಿತ್ತು. "ಬಿಲ್ಲೆಯೇ ಕಳಪೆ, ಉದುರ್ತಿದೆ" ಅಂತ ಇನ್ನೂ ಒಳ್ಳೇದು ಹಾಕಿದ. ಎಷ್ಟೋ ಬಸ್ಸುಗಳನ್ನು ಇಳಿಜಾರಿನಲ್ಲಿ ನಿಲ್ಲಿಸಿದ ಕೈ, ಒಂದು ಹೆಂಗಸಿನ ಸೈಕಲ್ಲನ್ನು ಓಡಿಸಲು ಸೋತಿತು.

"ಅದನ್ನ ಯಾಕೆ ಅಷ್ಟು ದಿಟ್ಟಿಸ್ತೀಯೋ? ರಿಪೇರಿ ಆಗಬಾರ್ದು ಅಂತಿರೋದನ್ನ ದೇವರು ಬಂದ್ರೂ ರಿಪೇರಿ ಮಾಡಕ್ಕಾಗಲ್ಲ" ಅಂದಳು ಅಕ್ಕ, ಮೆಟ್ಟಿಲ ಮೇಲಿಂದ.

ಅವನಿಗೆ ಆ ಮಾತು ಬೇರೆಯೇ ಕಡೆ ನಾಟಿತು. ನನ್ನನ್ನು ಕೋಣೆಗೆ ಕರೆದು, ಸ್ಪ್ಯಾನರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ: "ಅಣ್ಣ, ದೋಷ ಬ್ರೇಕಿನದಲ್ಲ, ನನ್ನದು. ಅವರು ಹಿಂದೇನೇ ಉಳೀಲಿ ಅಂತ ನನಗೆ ಆಸೆ. ಆ ಆಸೆ ಕೈಗೆ ಇಳಿದಿದೆ. ನಾನು ಮುಟ್ಟಿದ್ರೆ ಅದು ಹೇಗೆ ಸರಿಯಾಗುತ್ತೆ?"

ನನಗೆ ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡೆ.

ಭಾನುವಾರ ಅವನು ತನ್ನ ಸ್ವಂತ ಸೈಕಲ್ಲನ್ನು ತಂದು ಅವಳ ಮುಂದೆ ನಿಲ್ಲಿಸಿದ. ಅದು ಅವನೇ ಭಾಗ ಭಾಗ ಜೋಡಿಸಿ ಸಾಕಿದ ಸೈಕಲ್ಲು. ಸುಮ್ಮನೆ ನಿಂತಿದ್ದರೂ ನೊಣ ಕೂತ ಭಾರಕ್ಕೇ ಮುಂದೆ ಓಡುವಂಥದ್ದು. ಸೀಟನ್ನು ಅವಳ ಎತ್ತರಕ್ಕೆ ಇಳಿಸಿದ್ದ.

"ಇದರಲ್ಲಿ ಹೋಗಿ. ಎಲ್ಲರಿಗಿಂತ ಮುಂದೆ ಹೋಗಬಹುದು."

ಅವಳು ಸೈಕಲ್ಲನ್ನೂ ಅವನನ್ನೂ ನೋಡಿದಳು. "ನಾನು ಮುಂದೆ ಹೋಗ್ಲಿ ಅಂತಾನಾ ನಿಮಗೆ?"

"ನಿಮ್ಮ ಒಳ್ಳೇದಕ್ಕೇ..."

"ಸರಿ ಬಿಡಿ. ಇಷ್ಟು ದಿನ ಕಾದಿದ್ದೇ ಹೆಚ್ಚು ನೀವು. ಇದೊಂದು ಸಲ ಹೋಗಿ ಬಂದು, ಗೇಟಿನ ಹತ್ತಿರ ನಿಮ್ಮ ಸೈಕಲ್ ಇಟ್ಟು ಹೋಗ್ತೀನಿ. ಮುಂದಿನ ವಾರದಿಂದ ನಿಮಗೆ ತೊಂದರೆ ಇಲ್ಲ."

ಹತ್ತಿದಳು, ಹೋದಳು. ಅಂಚೆಯ ಹುಡುಗಿಯನ್ನೇ ದಾಟಿದಳು ಅಂತ ಮುಂದಿನಿಂದ ಬಾಯಿಂದ ಬಾಯಿಗೆ ಸುದ್ದಿ ಬಂತು. ನನ್ನ ಹಿಂದೆ ಬಾಲಂಗೋಚಿ, ಅವಳ ಸೈಕಲ್ಲಿನಲ್ಲಿ, ಶ್ ಶ್ ಶ್.

ಮೊದಲ ಏರು ಮುಗಿಯುವಷ್ಟರಲ್ಲಿ ಅವನಿಗೇ ತಡೆಯಲಾಗಲಿಲ್ಲ. ಇಳಿದು ಬಗ್ಗಿದ. ನಾನೂ ನಿಂತೆ. ಈ ಸಲ ಕಾಡಿನ ಬೆಳಕಲ್ಲಿ ತಿರುಪಿನ ಹತ್ತಿರಕ್ಕೆ ಕಣ್ಣು ತಂದು, "ಅಣ್ಣ, ಇಲ್ಲಿ ಗೀರಿದೆ. ನನ್ನ ಹತ್ತಿರ ಇಷ್ಟು ಸಣ್ಣ ಸ್ಕ್ರೂಡ್ರೈವರೇ ಇಲ್ಲ" ಅಂದ. ನಾನು ಬಿಳೀ ಪುಡಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಮುಟ್ಟಿಸಿದೆ. ಆ ರುಚಿ ನನ್ನ ಬಾಯಿಗೆ ಚೆನ್ನಾಗಿ ಗೊತ್ತು.

"ಬ್ರೇಕಿನ ಪುಡಿ ಅಲ್ಲ ಕಣಯ್ಯ ಇದು, ಹಲ್ಲಿನಮ್ಮ ಅಚ್ಚು ಹುಯ್ಯೋ ಪ್ಲಾಸ್ಟರ್ ಪುಡಿ! ನೀನು ಸೋಮವಾರ ಸಡಿಲ ಮಾಡ್ತೀಯ, ಆಕೆ ಶನಿವಾರ ಕೂತು ಬಿಗಿ ಮಾಡ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಅವನು ಆ ತಿರುಪನ್ನು ಹೆಬ್ಬೆರಳಲ್ಲಿ ಒರೆಸಿದ. "ಯಾಕೆ ಹಾಗೆ ಮಾಡಿದ್ರು?" ಅಂದ. ಆಮೇಲೆ ಅವನ ಕಿವಿ ಮೆಲ್ಲಗೆ ಕೆಂಪಾಯಿತು, ಉತ್ತರ ಅಲ್ಲಿಂದಲೇ ಒಳಗೆ ಹೋದ ಹಾಗೆ.

"ಹೋಗು! ಗೇಟು ದಾಟಿದ್ರೆ ಆಕೆ ಮತ್ತೆ ಬರಲ್ಲ. ನನ್ನನ್ನ ದಾಟಿ ಹೋಗು!"

"ಆಗಲ್ಲ ಅಣ್ಣ. ನೀವು ಹಿಂದೆ ಒಬ್ಬರೇ ಆಗ್ತೀರಿ."

"ನನ್ನನ್ನ ಕರಡಿ ತಿಂದ್ರೆ ಕರಡಿಗೇ ಅಜೀರ್ಣ. ಹೋಗೋ!"

"ಯಾರನ್ನೂ ಕಾಡಲ್ಲಿ ಬಿಟ್ಟು ಹೋಗಲ್ಲ ನಾನು." ಅವನ ಕಣ್ಣು ಮುಂದಿನ ದಾರಿಯ ಮೇಲೇ ಇತ್ತು, ಆದರೂ ಕದಲಲಿಲ್ಲ. ಇಂಥವನನ್ನು ಕಟ್ಟಿಕೊಂಡು ಏನು ಮಾಡುವುದು? ಉಳಿದದ್ದು ಒಂದೇ ದಾರಿ: ನಾನು ಜೋರಾಗಿ ತುಳಿಯಬೇಕು.

ತುಳಿದೆ. ನನ್ನ ಮೊಣಕಾಲುಗಳು ಪರಸ್ಪರ ವಿಳಾಸ ಕೇಳಿಕೊಂಡವು. ಹಲ್ಲಿನ ಸೆಟ್ಟು ಮುಂದಕ್ಕೆ ಹಾರಿತು, ನಾನು ಅದರ ಹಿಂದೆಯೇ ಹೋಗಿ ಬಾಯಲ್ಲಿ ಹಿಡಿದೆ. ಎರಡು ಜಿಂಕೆ ಬದಿಗೆ ನಿಂತು ದಾರಿ ಬಿಟ್ಟವು. ಹಿಂದಿನಿಂದ ಅವನು ಮಾತ್ರ, "ಮೆಲ್ಲಗೆ ಅಣ್ಣ, ಬೇರಿದೆ... ಎಡಕ್ಕೆ, ಎಡಕ್ಕೆ... ಉಸಿರು ತಗೊಳ್ಳಿ" ಅನ್ನುತ್ತಲೇ ಇದ್ದ. ಅವಸರ ಅವನದು, ಕಾಳಜಿ ನನ್ನ ಮೇಲೆ.

ಗುಡ್ಡದ ಬೆನ್ನಿಗೆ ಬಂದರೆ ಕಿರುದಾರಿ ಮುಗಿದು, ಬೆಂಕಿ ಹರಡದಿರಲಿ ಅಂತ ಕಡಿದ ಅಗಲದ ದಾರಿ ಶುರುವಾಗುತ್ತದೆ. ಅಲ್ಲಿ ಅವಳು ನಿಂತಿದ್ದಳು, ಹ್ಯಾಂಡಲ್ಲಿನ ಮೇಲೆ ಗದ್ದ ಊರಿಕೊಂಡು. ಉಳಿದವರೆಲ್ಲ ಹೋಗಿಯಾಗಿತ್ತು.

"ಸೈಕಲ್ ಕೆಟ್ಟಿತಾ?" ಅಂದ ಬಾಲಂಗೋಚಿ, ಗಾಬರಿಯಿಂದ.

"ಇಲ್ಲ. ಚೆನ್ನಾಗಿ ಓಡುತ್ತೆ."

"ಮತ್ತೆ?"

"ಮುಂದೆ ಏನಿದೆ ಅಂತ ನೋಡಿದೆ. ಏನೂ ಇಲ್ಲ. 'ಹಿಂದೆ ಇದ್ದೀರಾ' ಅಂತ ಕೇಳಿದೆ, ಅಂಚೆಯ ಹುಡುಗಿ 'ಇದ್ದೀನಿ ಆಂಟಿ' ಅಂದಳು."

ಬಾಲಂಗೋಚಿ ನೆಲ ನೋಡಿದ, ಆಕಾಶ ನೋಡಿದ, ಕೊನೆಗೆ ಅವಳ ಚಕ್ರ ನೋಡಿ ಹೇಳಿದ: "ನಿಮ್ಮ ಬ್ರೇಕನ್ನ ಇನ್ನು ಮೇಲೆ ನಾನು ರಿಪೇರಿ ಮಾಡಲ್ಲ."

ಅವಳಿಗೆ ಅರ್ಥವಾಯಿತು. ಮುಖ ಕೆಂಪಾಗಿ, ನಗು ತಡೆಯಲಾರದೆ ಬಾಯಿಗೆ ಕೈ ಇಟ್ಟಳು. ಅವಳದು ಸ್ವಂತ ಹಲ್ಲೇ, ಕೈ ಅಡ್ಡ ಬರುವಷ್ಟರಲ್ಲಿ ನಾನು ಗಮನಿಸಿದೆ. "ಬೇಡ, ಸರಿ ಮಾಡಿಬಿಡಿ. ಶನಿವಾರ ಪೂರ್ತಿ ಅದಕ್ಕೇ ಹೋಗುತ್ತೆ ನನಗೆ. ದಾರಿ ಇಲ್ಲಿ ಅಗಲವಾಗಿದೆಯಲ್ಲ, ಪಕ್ಕಕ್ಕೆ ಬನ್ನಿ."

"ಅಣ್ಣ, ನೀವು ಮುಂದೆ ನಡೀರಿ" ಅಂದ ಅವನು. ಕಟ್ಟಳೆ ಬಿಡಲಿಲ್ಲ ನೋಡಿ. ನಾನು ಮುಂದೆ, ಅವರಿಬ್ಬರು ಹಿಂದೆ, ಜೊತೆಜೊತೆಯಾಗಿ. ನಾನು ತಿರುಗಿ ನೋಡಲಿಲ್ಲ. ನನಗೂ ಮರ್ಯಾದೆ ಅನ್ನುವುದು ಇದೆ, ಅಪರೂಪಕ್ಕೆ. ಇಷ್ಟು ವರ್ಷ ಜನರ ಬೆನ್ನು ನೋಡಿಯೇ ಸೈಕಲ್ ಹೊಡೆದವನಿಗೆ ಪಕ್ಕದಲ್ಲಿ ಮುಖ ಇಟ್ಟುಕೊಂಡು ಹೊಡೆಯುವುದು ಗೊತ್ತೇ ಇರಲಿಲ್ಲ ಅಂತ ಕಾಣುತ್ತದೆ. ತುಸು ಹೊತ್ತಿಗೇ ಪೊದೆ ಮುರಿದ ಸದ್ದು, ಹಕ್ಕಿಗಳು ಹಾರಿದ ಸದ್ದು.

"ಅಯ್ಯೋ! ಮುಂದೆ ನೋಡಬಾರ್ದಾ?"

"ನೋಡ್ತಾನೇ ಇದ್ದೆ."

"ದಾರಿನ ನೋಡಿ ಅಂದೆ ಕಣ್ರೀ, ನನ್ನನ್ನಲ್ಲ. ಏಳಿ, ಕೈ ಕೊಡಿ."